ಶಾಲೆಗೂ ಒಂದು ಜಮಾಬಂದಿ ಬೇಕು: ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೆ ಬಹಿರಂಗ ಪತ್ರ

ಇವರಿಗೆ,
ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ,
ನಮ್ಮ ಶೈಕ್ಷಣಿಕ ಜಿಲ್ಲೆ.

ವಿಷಯ: ಮುಗಿದ ಶೈಕ್ಷಣಿಕ ವರ್ಷದ ಸುದ್ದಿಯನ್ನು ಊರಿನವರಿಗೂ ಕೊಡುವ ಬಗ್ಗೆ.

ಮಾನ್ಯರೇ,

ಏಪ್ರಿಲ್ 10ಕ್ಕೆ ಶಾಲೆ ಮುಗಿಯಿತು. ಪ್ರಗತಿ ಪತ್ರ ಕೊಟ್ಟರು, ಸಹಿ ಹಾಕಿಸಿಕೊಂಡರು, ಕೊಠಡಿಗಳಿಗೆ ಬೀಗ ಬಿತ್ತು. ಇನ್ನು ಬಾಗಿಲು ತೆಗೆಯುವುದು ಮೇ ಕೊನೆಗೆ. ಊರಿನ ಮಟ್ಟಿಗೆ ಒಂದು ಶೈಕ್ಷಣಿಕ ವರ್ಷ ಮುಗಿಯುವುದೆಂದರೆ ಇಷ್ಟೇ. ನಿಮ್ಮ ಕಚೇರಿಯ ಮಟ್ಟಿಗೆ ಹಾಗಲ್ಲ. ಅದೇ ವರ್ಷ ನಿಮ್ಮಲ್ಲಿಗೆ ನಮೂನೆ ನಮೂನೆಯಾಗಿ ಬಂದು ಸೇರಿದೆ: ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿನ ಅಂಕ, ಶಾಲೆಗಳ ಅಂಕಿಅಂಶ ಇಡುವ ಯುಡೈಸ್ ಪ್ಲಸ್‌ನಲ್ಲಿ ಕೊಠಡಿ ಮತ್ತು ಶೌಚಾಲಯದ ಎಣಿಕೆ, ಬಿಸಿಯೂಟ ಉಂಡವರ ಲೆಕ್ಕ, ಅನುದಾನದ ಬಳಕೆ ಪ್ರಮಾಣಪತ್ರ, ಖಾಲಿ ಹುದ್ದೆಗಳ ಪಟ್ಟಿ. ಇವೆಲ್ಲ ನಮ್ಮೂರ ಶಾಲೆಯದೇ ಸುದ್ದಿ. ಮೇಲಕ್ಕೆ ಹೋಯಿತು, ಮತ್ತೆ ಕೆಳಕ್ಕೆ ಬರಲಿಲ್ಲ.

ಪಂಚಾಯಿತಿಯ ಜಮಾಬಂದಿಯಲ್ಲಿ ವರ್ಷದ ಜಮಾ ಖರ್ಚನ್ನು ಊರಿನ ಮುಂದೆ ಓದುವ ಹಾಗೆ, ಅದನ್ನು ಕೆಳಕ್ಕೂ ಕಳಿಸಿ ಎಂದು ಕೇಳುವುದಕ್ಕೇ ಈ ಪತ್ರ.

ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಮಗಳು ಆರನೇ ತರಗತಿ ಮುಗಿಸಿದ್ದಾಳೆ. ಊರಿನ ಹೆಸರಾಗಲಿ ತಾಲ್ಲೂಕಿನ ಹೆಸರಾಗಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ನಮ್ಮ ಮುಖ್ಯ ಶಿಕ್ಷಕರಿಗೆ ಫೋನ್ ಹೋಗುತ್ತದೆ, "ಯಾರ್ರೀ ಅದು ಪತ್ರ ಬರೆದೋರು?" ಅಂತ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಪಾಠ ಮಾಡುವುದರ ಜೊತೆಗೆ ನಿಮಗೆ ಅಂಕಿಅಂಶ ಒದಗಿಸುವುದರಲ್ಲೇ ಅವರ ವರ್ಷ ಕಳೆದಿದೆ. ನಮ್ಮ ಜಿಲ್ಲೆಯದು ಮಾತ್ರ ಈ ಕಥೆ ಅಂತಲೂ ನಾನು ನಂಬಿಲ್ಲ. ಯಾವ ಜಿಲ್ಲೆಯ ಉಪನಿರ್ದೇಶಕರು ಓದಿದರೂ ತಮಗೇ ಬರೆದದ್ದು ಎಂದುಕೊಳ್ಳಬಹುದು.

ಪ್ರಗತಿ ಪತ್ರದಿಂದಲೇ ಶುರು ಮಾಡುತ್ತೇನೆ. ವರ್ಷದ ಕೊನೆಗೆ ತಂದೆತಾಯಿಯ ಕೈಗೆ ಬರುವ ಕಾಗದ ಅದೊಂದೇ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ನಡುನಡುವಿನ ಕಿರು ಪರೀಕ್ಷೆ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯ ದೊಡ್ಡ ಪರೀಕ್ಷೆ), ಎಲ್ಲ ಕೂಡಿಸಿ ಕೊನೆಗೊಂದು ಗ್ರೇಡು. ನಮ್ಮ ಶಾಲೆಯ ಆರನೇ ತರಗತಿಯ ಹಲವು ಮಕ್ಕಳಿಗೆ ಈ ಸಲ ಗಣಿತದ ಮುಂದೆ ಬಿ ಬಂದಿದೆ. ಗಣಿತದ ಟೀಚರ್ ಹೆರಿಗೆ ರಜೆಯಲ್ಲಿದ್ದರು. ಅವರ ಜಾಗಕ್ಕೆ ಅತಿಥಿ ಶಿಕ್ಷಕಿ ಬರುವ ಹೊತ್ತಿಗೆ ದಸರಾ ರಜೆ ಕಳೆದಿತ್ತು. ಸಮಿತಿಯಲ್ಲಿ ಕೂತಿರುವುದರಿಂದ ನನಗೆ ಇದು ಗೊತ್ತು. ತೋಟಕ್ಕೆ, ಗಾರೆ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರುವ ತಾಯಿಗೆ ಯಾರು ಹೇಳಬೇಕು? ಅವಳ ಕಣ್ಣಿಗೆ ಕಾಣುವುದು ಮಗುವಿನ ಹೆಸರು, ಅದರ ಮುಂದೆ ಬಿ. ಬೈಗುಳ ತಿನ್ನುವುದು ಮಗು. ಆ ಬಿ ಗ್ರೇಡಿನಲ್ಲಿ ಇಲಾಖೆಯ ಪಾಲೂ ಇದೆ ಎಂದು ಪತ್ರದ ಯಾವ ಮೂಲೆಯಲ್ಲೂ ಬರೆದಿಲ್ಲ.

ಇನ್ನು ಜಿಲ್ಲೆಯ ಮಟ್ಟದ ಸುದ್ದಿ. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಶಿರಸಿ, ಚಿಕ್ಕೋಡಿ, ಮಧುಗಿರಿ ಇವು ಭೂಪಟದಲ್ಲಿ ತಾಲ್ಲೂಕು ಕೇಂದ್ರಗಳಾದರೂ ಶಾಲೆಯ ವಿಷಯ ಬಂದಾಗ ಜಿಲ್ಲೆಗಳು. ಇಂಥ ಕಡೆ ಡಿಸಿ ಇಲ್ಲ, ಜಿಲ್ಲಾ ಪಂಚಾಯಿತಿ ಇಲ್ಲ, ಉಪನಿರ್ದೇಶಕರ ಕಚೇರಿ ಮಾತ್ರ ಇದೆ. ದೊಡ್ಡದಿರಲಿ ಚಿಕ್ಕದಿರಲಿ, ಈ 35 ಹೆಸರುಗಳೂ ಒಟ್ಟಿಗೆ ಕಾಣಿಸಿಕೊಳ್ಳುವುದು ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ. 2024ರಲ್ಲಿ ಮೇಲೆ ಉಡುಪಿ, ಕೆಳಗೆ ಯಾದಗಿರಿ. 2025ರಲ್ಲಿ ಮೇಲೆ ದಕ್ಷಿಣ ಕನ್ನಡ, ಕೆಳಗೆ ಕಲಬುರಗಿ. ಮೇಲಿನವರಿಗೆ ಸಿಹಿ ಹಂಚಿಕೆ, ಕೆಳಗಿನವರಿಗೆ ನೋಟಿಸು, ನಡುವೆ ಇರುವವರು ಎರಡು ಸ್ಥಾನ ಏರಿದೆವೋ ಇಳಿದೆವೋ ಎಂದು ನೋಡಿಕೊಂಡು ಸುಮ್ಮನಾಗುತ್ತಾರೆ. ಹತ್ತು ವರ್ಷ ಓದಿದ ಮಕ್ಕಳ ಬಗ್ಗೆ, ಅವರಿಗೆ ಕಲಿಸಿದವರ ಬಗ್ಗೆ, ಒಂದರಿಂದ ಒಂಬತ್ತರವರೆಗಿನ ಇನ್ನೆಲ್ಲ ಮಕ್ಕಳ ಬಗ್ಗೆ ಒಂದು ಜಿಲ್ಲೆ ವರ್ಷವಿಡೀ ಹೇಳುವ ಸುದ್ದಿ ಒಂದು ರ‍್ಯಾಂಕು!

ನೀವು ಹೇಳಬಹುದು: ವಾರ್ಷಿಕೋತ್ಸವದಲ್ಲಿ ವರದಿ ವಾಚನ ಇದೆಯಲ್ಲ?

ಇದೆ. ಅದು ಹೇಗೆ ನಡೆಯುತ್ತದೆ ಎನ್ನುವುದನ್ನು ವೇದಿಕೆಯ ಮೇಲೆ ಕೂತ ನಿಮಗಿಂತ ಕೆಳಗೆ ಕೂತ ನಾವು ಚೆನ್ನಾಗಿ ಬಲ್ಲೆವು. ಕಾರ್ಯಕ್ರಮ ಜನವರಿಯಲ್ಲೋ ಫೆಬ್ರವರಿಯಲ್ಲೋ. ಅಂದರೆ ವರ್ಷ ಮುಗಿಯಲು ಇನ್ನೂ ಎರಡು ತಿಂಗಳು ಇರುವಾಗಲೇ ವಾರ್ಷಿಕ ವರದಿ ಸಿದ್ಧ. ಆರು ಗಂಟೆ ಎಂದ ಕಾರ್ಯಕ್ರಮ ಏಳೂವರೆಗೆ ಶುರು, ಯಾಕೆಂದರೆ ಉದ್ಘಾಟಕರಿಗೆ ಅದೇ ಸಂಜೆ ಇನ್ನೊಂದು ಶಾಲೆಯಲ್ಲೂ ದೀಪ ಹಚ್ಚುವುದಿತ್ತು. ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ. ಆಮೇಲೆ ಹಿರಿಯ ಸಹಶಿಕ್ಷಕರು ಎದ್ದು ವರದಿ ಓದುತ್ತಾರೆ. ಆ ಹೊತ್ತಿಗೆ ಪರದೆಯ ಹಿಂದೆ ಒಂದನೇ ತರಗತಿಯ ಮಕ್ಕಳು ನವಿಲಿನ ವೇಷ ಹಾಕಿಕೊಂಡು ನಿದ್ದೆಗೆ ಜಾರಿರುತ್ತವೆ, ತಾಯಂದಿರೆಲ್ಲ ಅವರ ಬಳಿ. ಎದುರಿಗೆ ಉಳಿದವರು ಮೈಕು ಯಾವಾಗ ಹಾಡಿಗೆ ಸಿಗುತ್ತದೋ ಎಂದು ಕಾಯುತ್ತಿರುತ್ತಾರೆ. ವರದಿಯಲ್ಲಾದರೂ ಏನಿರುತ್ತದೆ? ಪ್ರತಿಭಾ ಕಾರಂಜಿಯಲ್ಲಿ ಬಹುಮಾನ, ಕ್ರೀಡಾಕೂಟದಲ್ಲಿ ಬಹುಮಾನ, ಫ್ಯಾನು ಕೊಟ್ಟ ದಾನಿಗಳು, ಕುರ್ಚಿ ಕೊಟ್ಟ ದಾನಿಗಳು, ದಾನಿಗಳ ತಂದೆತಾಯಿಯ ಹೆಸರು. ಶಾಲೆಗೆ ಇಲ್ಲದ್ದು ಒಂದೂ ಆ ಹಾಳೆಯಲ್ಲಿ ಇರುವುದಿಲ್ಲ. ಅತಿಥಿಗಳ ಮುಂದೆ ಹೇಗೆ ಹೇಳುವುದು ಎಂಬ ಸಂಕೋಚ. ಅರ್ಥವಾಗುವ ಸಂಕೋಚವೇ. ಅದಕ್ಕಾಗಿಯೇ ಇನ್ನೊಂದು ದಿನ ಬೇಕು, ಅತಿಥಿಗಳಿಲ್ಲದ ದಿನ.

ಆ ದಿನವೂ ಆಗಲೇ ಇದೆ. 'ಸಮುದಾಯದತ್ತ ಶಾಲೆ' ಎಂದು ಇಲಾಖೆಯೇ ಗೊತ್ತುಮಾಡಿರುವ ದಿನ. ಫಲಿತಾಂಶವನ್ನು ತಂದೆತಾಯಂದಿರ ಮುಂದಿಟ್ಟು ಮಾತಾಡಬೇಕು ಎನ್ನುವ ಒಳ್ಳೆಯ ಯೋಚನೆ. ಆದರೆ ಸುತ್ತೋಲೆಯಲ್ಲಿ ಹೀಗಿದ್ದದ್ದು ಶಾಲೆಯಲ್ಲಿ ಸಹಿ ಹಾಕಿಸಿಕೊಳ್ಳುವ ಸಾಲಾಗಿದೆ. ಹೆಸರು ಕರೆಯುತ್ತಾರೆ, ಪತ್ರ ಕೊಡುತ್ತಾರೆ, "ಸ್ವಲ್ಪ ಓದಿಸಿ" ಅನ್ನುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಕೊನೆಗೆ ಸಭೆ ನಡೆದದ್ದಕ್ಕೆ ಒಂದು ಫೋಟೊ. ಆ ಫೋಟೊ ನಿಮ್ಮ ಫೋನಿಗೂ ಬಂದಿರಬೇಕು.

ಪಂಚಾಯಿತಿಯ ಕಡೆ ನೋಡಿ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯಬೇಕು ಎಂದು ಕರ್ನಾಟಕದ ನಿಯಮವೇ ಇದೆ. ಮಳೆಗಾಲ ಇಳಿಯುವ ಹೊತ್ತಿಗೆ ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ, ಕಳೆದ ಹಣಕಾಸು ವರ್ಷದ ಜಮಾ ಖರ್ಚು ಓದುತ್ತಾರೆ, ಯಾರು ಬೇಕಾದರೂ ವಹಿ ನೋಡಬಹುದು, ಕೆಲಸ ನಡೆದ ಜಾಗಕ್ಕೆ ಹೋಗಿ ಅಳತೆ ಮಾಡಬಹುದು. ಎಲ್ಲ ಪಂಚಾಯಿತಿಯಲ್ಲೂ ಇದು ಪ್ರಾಮಾಣಿಕವಾಗಿ ನಡೆಯುತ್ತದೆ ಅಂತ ಹೇಳುವಷ್ಟು ಮುಗ್ಧೆ ನಾನಲ್ಲ. ಆದರೆ ನಡೆಯದಿದ್ದರೆ "ಜಮಾಬಂದಿ ಯಾಕೆ ಆಗಿಲ್ಲ?" ಎಂದು ಕೇಳಲು ಜನರಿಗೆ ಒಂದು ಹೆಸರಾದರೂ ಸಿಕ್ಕಿದೆ. ನೂರು ಮೀಟರ್ ಚರಂಡಿಗೆ ಇರುವ ಈ ಮರ್ಯಾದೆ ಶಾಲೆಯ ಒಂದು ಪೂರ್ತಿ ವರ್ಷಕ್ಕೆ ಇಲ್ಲ.

ಕಾನೂನು ಇಲ್ಲದೆ ಕೇಳುತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. 22ನೇ ಕಲಮು ನಮ್ಮ ಕೈಯಿಂದ ಶಾಲಾಭಿವೃದ್ಧಿ ಯೋಜನೆ ಮಾಡಿಸುತ್ತದೆ. ಹೋದ ವರ್ಷ ಏನಾಯಿತು ಎಂದು ಗೊತ್ತಿಲ್ಲದವರು ಮುಂದಿನ ವರ್ಷಕ್ಕೆ ಏನು ಯೋಜನೆ ಮಾಡಲು ಸಾಧ್ಯ? 24ನೇ ಕಲಮು ಮಗುವಿನ ಹಾಜರಿ, ಕಲಿಕೆ, ಪ್ರಗತಿಯ ವಿಷಯ ಪೋಷಕರಿಗೆ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಇನ್ನು ಮಾಹಿತಿ ಹಕ್ಕು ಕಾಯ್ದೆ, 2005. ಅರ್ಜಿ ಹಾಕಿದ ಮೇಲೆ ಕೊಡುವುದು ಅದರ ಒಂದು ಭಾಗ ಮಾತ್ರ. ಕೇಳದೆಯೇ ಪ್ರಕಟಿಸಬೇಕು ಎಂದು 4ನೇ ಕಲಮು ಹೇಳುತ್ತದೆ, ಅದನ್ನು ಸ್ಥಳೀಯ ಭಾಷೆಯಲ್ಲಿ, ಆ ಜಾಗಕ್ಕೆ ಹೊಂದುವ ವಿಧಾನದಲ್ಲಿ ತಲುಪಿಸುವುದನ್ನೂ ಗಮನದಲ್ಲಿಡಿ ಎನ್ನುತ್ತದೆ. ಯುಡೈಸ್ ಜಾಲತಾಣದಲ್ಲಿ ನಮ್ಮ ಶಾಲೆಯ ವಿವರ ಇದೆ ಎಂದು ತೋರಿಸಬೇಡಿ. 29ರಿಂದ ಶುರುವಾಗುವ ಹನ್ನೊಂದು ಅಂಕಿಯ ಸಂಖ್ಯೆ ಹಾಕಿ, ಇಂಗ್ಲಿಷಿನಲ್ಲಿ ತೆರೆದುಕೊಳ್ಳುವ ಆ ಪುಟವನ್ನು ನಮ್ಮೂರಿನಲ್ಲಿ ಓದುವವರು ಯಾರು?

ಈಗ ಅಂಥ ಜಮಾಬಂದಿಯಲ್ಲಿ ಏನಿರಬೇಕು ಅನ್ನುವುದು. ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಶಿಕ್ಷಕರ ವಿಷಯ. ಯಾವ ತರಗತಿಗೆ, ಯಾವ ವಿಷಯಕ್ಕೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಪಾಠ ಮಾಡುವವರು ಇದ್ದರು, ಯಾವಾಗ ಇರಲಿಲ್ಲ. ಎಷ್ಟು ದಿನ ತರಬೇತಿಗೆ, ಗಣತಿಗೆ, ಮತದಾರರ ಪಟ್ಟಿಯ ಕೆಲಸಕ್ಕೆ ಹೋದರು. ಕಾಯ್ದೆ ಐದನೇ ತರಗತಿಯವರೆಗೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನ ಎನ್ನುತ್ತದೆ. ಬಾಗಿಲು ತೆಗೆದಿದ್ದ ದಿನ ಬೇರೆ, ಪಾಠ ನಡೆದ ದಿನ ಬೇರೆ. ಎರಡನೆಯದನ್ನು ಯಾರೂ ನಮಗೆ ಹೇಳಿಲ್ಲ. ಇದನ್ನು ಶಿಕ್ಷಕರ ಮೇಲಿನ ಗೂಢಚರ್ಯೆ ಅಂದುಕೊಳ್ಳಬೇಡಿ. ನನಗೆ ಗೊತ್ತಿರುವಂತೆ ಇದನ್ನು ಬರೆದು ಓದಿಸಿದರೆ ಮೊದಲು ನೆಮ್ಮದಿಯಾಗುವುದು ಶಿಕ್ಷಕರಿಗೇ. "ಮೇಷ್ಟ್ರು ಶಾಲೇಲಿ ಇರೋದೇ ಇಲ್ಲ" ಎಂದು ಚಹಾದಂಗಡಿಯಲ್ಲಿ ಮಾತಾಡುವವರಿಗೆ, ಅವರನ್ನು ಹೊರಗೆ ಕಳಿಸಿದ್ದು ಯಾರ ಆದೇಶ ಎನ್ನುವುದು ಆಗ ಗೊತ್ತಾಗುತ್ತದೆ.

ಮುಂದೆ ಯಾರು ಇರುವುದಿಲ್ಲ ಎನ್ನುವುದೂ ಸುದ್ದಿಯೇ. ನಮ್ಮಲ್ಲಿ ಒಂದು ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಕು ಗೊತ್ತಿರಲಿಲ್ಲ, ಅಂದಿನ ಮೇಷ್ಟ್ರು ಶಾಲೆ ಶುರುವಾಗುವ ತಿಂಗಳ ಮೊದಲ ದಿನ ಬರೆದುಕೊಂಡರು. ಹಾಗೆ ಸೇರಿದ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ತಾವೇ ಮೇಷ್ಟ್ರಾದರು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಎಂಬುದು ಸೇವಾ ನಿಯಮ. ಹೀಗಾಗಿ ಅರವತ್ತು ತುಂಬುವ ಆ ಶಿಕ್ಷಕರೆಲ್ಲ ಸೇವೆಯಿಂದ ಇಳಿಯುವುದು ಮೇ 31ಕ್ಕೆ. ಶಾಲೆ ಆಗಷ್ಟೇ ತೆರೆದಿರುತ್ತದೆ, ಅರ್ಧ ಮಕ್ಕಳು ಅಜ್ಜಿ ಮನೆಯಿಂದ ಇನ್ನೂ ಬಂದಿರುವುದಿಲ್ಲ. ಮೂವತ್ತು ವರ್ಷ ಕಲಿಸಿದವರಿಗೆ ಒಂದು ಹಾರ ಹಾಕಲೂ ಊರಿಗೆ ತಿಳಿದಿರುವುದಿಲ್ಲ. ಅವರ ಜಾಗ ಖಾಲಿ ಎಂದು ತಿಳಿಯುವುದು ಜೂನ್ ಮಧ್ಯದಲ್ಲಿ, ಮಕ್ಕಳ ಬಾಯಿಂದ. ಈ ಖಾಲಿತನ ಏನು ಆಕಸ್ಮಿಕವೇ? ಆ ಶಿಕ್ಷಕರು ಸೇವೆಗೆ ಸೇರಿದ ದಿನವೇ ಅದರ ತಾರೀಕು ನಿಮ್ಮ ಸೇವಾ ಪುಸ್ತಕದಲ್ಲಿ ಬರೆದಾಗಿದೆ. ಮಳೆ ಯಾವಾಗ ಬರುತ್ತದೆ ಎಂದು ಇಲಾಖೆ ಹೇಳಲಾರದು, ಸರಿ. ಯಾವ ಮೇಷ್ಟ್ರು ಯಾವಾಗ ನಿವೃತ್ತಿ ಎನ್ನುವುದನ್ನು ಏಪ್ರಿಲ್‌ನಲ್ಲೇ ಹೇಳಬಹುದು. ವರ್ಗಾವಣೆಯ ಕೌನ್ಸೆಲಿಂಗ್ ಮಾತ್ರ ಬೇರೆ ಮಾತು. ಅದರ ವೇಳಾಪಟ್ಟಿ ನಿಮ್ಮ ಕೈಯಲ್ಲೂ ಇಲ್ಲ ಎಂಬುದನ್ನು ನಾವು ಕಂಡಿದ್ದೇವೆ.

ಅತಿಥಿ ಶಿಕ್ಷಕರದು ಇನ್ನೊಂದು ಕಥೆ. ಹೆಸರು ಅತಿಥಿ, ಕೆಲಸ ಮನೆಯವರದು. ವರ್ಷ ಮುಗಿದ ದಿನ ಅವರ ಗೌರವಧನವೂ ಮುಗಿಯುತ್ತದೆ, ಮುಂದಿನ ವರ್ಷ ಅದೇ ಶಾಲೆಗೆ ಬರುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಬಿಸಿಯೂಟದ ಅಡುಗೆಯವರದೂ ಅದೇ ಪಾಡು: ವರ್ಷದಲ್ಲಿ ಹತ್ತು ತಿಂಗಳ ಗೌರವಧನ ಎಂಬ ಲೆಕ್ಕ. ವಾರ್ಷಿಕೋತ್ಸವದ ವರದಿಯಲ್ಲಿ ಫ್ಯಾನು ಕೊಟ್ಟವರ ಹೆಸರಿದೆ, ವರ್ಷವಿಡೀ ಅನ್ನ ಬೇಯಿಸಿದ ಇಬ್ಬರ ಹೆಸರಿಲ್ಲ. ನನ್ನ ಜಮಾಬಂದಿಯಲ್ಲಿ ಮೊದಲ ಪುಟದಲ್ಲೇ ಇರಲಿ.

ಹಣದ ವಿಷಯ ಚಿಕ್ಕದು, ಯಾಕೆಂದರೆ ಹಣವೇ ಚಿಕ್ಕದು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಮೂವತ್ತರೊಳಗೆ ಮಕ್ಕಳಿರುವ ಶಾಲೆಗೆ ವರ್ಷದ ಸಂಯುಕ್ತ ಅನುದಾನ 10,000 ರೂಪಾಯಿ, ನೂರರವರೆಗೆ 25,000. ಅದರಲ್ಲೇ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ. ಇಷ್ಟು ಬಂತು, ಈ ತಿಂಗಳು ಬಂತು, ಇದಕ್ಕೆ ಹೋಯಿತು ಎಂದು ಮೂರು ಸಾಲಿನಲ್ಲಿ ಮುಗಿಯುತ್ತದೆ. 'ಈ ತಿಂಗಳು ಬಂತು' ಅನ್ನುವುದನ್ನು ಮಾತ್ರ ಬಿಡಬೇಡಿ. ಮಾರ್ಚ್ ಕೊನೆಗೆ ಬಂದ ದುಡ್ಡನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕಾದಾಗ ಸೀಮೆಸುಣ್ಣ, ಪೊರಕೆ, ರಿಜಿಸ್ಟರ್ ಬಿಟ್ಟು ಇನ್ನೇನೂ ಹೊಳೆಯುವುದಿಲ್ಲ ಎಂಬುದನ್ನು ಊರೂ ತಿಳಿಯಲಿ.

ಮಕ್ಕಳು ಎಲ್ಲಿಗೆ ಹೋದರು? ಇದನ್ನು ಓದುವವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಬಹುದು. ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ, ನಮ್ಮಂಥ ಶಾಲೆ ಏಳಕ್ಕೆ. ಏಳನೆಯವರಿಗೆ ಬೀಳ್ಕೊಡುಗೆ ಮಾಡುತ್ತೇವೆ. ಮಕ್ಕಳು ಚಂದಾ ಎತ್ತಿ ಶಾಲೆಗೊಂದು ಗೋಡೆ ಗಡಿಯಾರ ಕೊಡುತ್ತವೆ (ನಮ್ಮ ಶಾಲೆಯಲ್ಲಿ ಈಗ ಕೊಠಡಿಗಿಂತ ಗಡಿಯಾರವೇ ಹೆಚ್ಚು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ). ಗುಂಪು ಫೋಟೊ ತೆಗೆಸಿ, ಒಂದಿಷ್ಟು ಅತ್ತು, ಟಿ.ಸಿ. ತೆಗೆದುಕೊಂಡು ಹೋಗುತ್ತವೆ. ಆ ಮೇಲೆ? ಎಂಟನೇ ತರಗತಿ ಬೇರೆ ಊರಿನ ಪ್ರೌಢಶಾಲೆಯಲ್ಲಿ. ಬಸ್ಸಿನ ಹೊತ್ತು ಹೊಂದದೆ, ಮನೆಯಲ್ಲಿ ಚಿಕ್ಕ ಮಗು ನೋಡಿಕೊಳ್ಳುವವರಿಲ್ಲದೆ ನಿಂತುಹೋಗುವ ಹುಡುಗಿಯರು ನಿಲ್ಲುವುದು ಈ ತಿರುವಿನಲ್ಲೇ. ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೆ ಸಂಖ್ಯೆ ಇದೆ. ಯಾವ ಮಗು ಮುಂದಿನ ಶಾಲೆಗೆ ಸೇರಿತು, ಯಾವುದು ಸೇರಲಿಲ್ಲ ಎಂದು ಜುಲೈ ಹೊತ್ತಿಗೆ ನಿಮ್ಮ ಪರದೆಯ ಮೇಲೆ ಕಾಣುತ್ತದೆ. ಹೆಸರು ಹಾಕಿ ಗೋಡೆಗೆ ಅಂಟಿಸಿ ಎನ್ನುತ್ತಿಲ್ಲ. ಏಳನೆಯದು ಮುಗಿಸಿದವರು ಇಷ್ಟು, ಎಂಟಕ್ಕೆ ಸೇರಿದವರು ಇಷ್ಟು ಎಂಬ ಎರಡು ಅಂಕಿ ಸಾಕು. ಎರಡೂ ಹೊಂದದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂದು ಊರಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಸುದ್ದಿ ಹೊತ್ತಿಗೆ ಬರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಏಪ್ರಿಲ್ ನೆನಪಿಸಿಕೊಳ್ಳಿ. ಆ ವರ್ಷ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ. ಹೈಕೋರ್ಟಿನಲ್ಲಿ ಒಮ್ಮೆ ರದ್ದು, ಒಮ್ಮೆ ಅನುಮತಿ, ಮಕ್ಕಳಿಗೆ ನಡುವೆಯೇ ಪರೀಕ್ಷೆ ನಿಂತು ಮತ್ತೆ ಶುರು. ಕೊನೆಗೆ ಏಪ್ರಿಲ್ 8ರಂದು, ಶಾಲೆ ಮುಗಿಯಲು ಎರಡು ದಿನ ಇದೆ ಎನ್ನುವಾಗ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಫಲಿತಾಂಶ ಪ್ರಕಟಿಸಬೇಡಿ ಎಂದು. ತಪ್ಪು ಸರಿ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ನಮ್ಮೂರಿನ ತಾಯಂದಿರು ಶಾಲೆಯ ಗೇಟಿನಲ್ಲಿ ನಿಂತು "ನನ್ನ ಮಗ ಪಾಸಾ, ಇಲ್ವಾ?" ಎಂದು ಕೇಳಿದಾಗ ಮುಖ್ಯ ಶಿಕ್ಷಕರ ಹತ್ತಿರ ಇದ್ದದ್ದು ವಾಟ್ಸ್‌ಆ್ಯಪಿಗೆ ಬಂದ ಟಿವಿ ಸುದ್ದಿಯ ತುಣುಕು ಮಾತ್ರ. ತಮ್ಮ ಇಲಾಖೆಯ ಮಾತನ್ನು ತಾವೇ ಟಿವಿಯಲ್ಲಿ ನೋಡಿ ಹೇಳಬೇಕಾದ ಶಿಕ್ಷಕರ ಮುಖ ಹೇಗಿತ್ತು ಅಂತ ವರ್ಣಿಸುವುದಿಲ್ಲ. ಜಿಲ್ಲಾ ಕಚೇರಿಯಿಂದ ನಾಲ್ಕು ಸಾಲಿನ ಕನ್ನಡ ಪ್ರಕಟಣೆ, ಊರಿಗೆ ಓದಿ ಹೇಳುವಂಥದ್ದು, ಬಂದಿದ್ದರೆ ಸಾಕಿತ್ತು.

ಒಳ್ಳೆಯ ಸುದ್ದಿಗೂ ಇದೇ ಗತಿ, ಅದೇ ಹೆಚ್ಚು ಬೇಸರ. ಅದೇ 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ದೊಡ್ಡ ಕೆಲಸ ಅದು. ಎಷ್ಟು ಮಕ್ಕಳು ಬಂದು ಉಂಡರು, ಯಾವ ಹಾಡಿಯ, ಯಾವ ತಾಂಡಾದ ಮಕ್ಕಳಿಗೆ ಬರಲಾಗಲಿಲ್ಲ ಎಂಬ ಲೆಕ್ಕ ಮೇಲಕ್ಕೆ ಹೋಗಿ ಅಲ್ಲೇ ಕೂತಿತು. 2024ರಿಂದಲೇ ಮೊಟ್ಟೆ ವಾರಕ್ಕೆ ಆರು ದಿನವಾಯಿತು, ತಿನ್ನದವರಿಗೆ ಬಾಳೆಹಣ್ಣು. ಇದರಿಂದ ಹಾಜರಿ ಏರಿತೋ ಇಲ್ಲವೋ ಎಂದು ನಮ್ಮ ಶಾಲೆಯ ಹಾಜರಿ ಪುಸ್ತಕವೇ ಹೇಳಬಲ್ಲದು. ಕೇಳಿದವರಿಲ್ಲ. ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 1995ರಲ್ಲಿ ಶಿಕ್ಷಕರೇ ಮುಂದೆ ನಿಂತು ಶುರು ಮಾಡಿದ, ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಒಂದು ತಾಲ್ಲೂಕಿನ ಸುದ್ದಿ ಆಚೆ ಬಂದದ್ದರಿಂದ ಆದದ್ದು ಅದು. ಇವತ್ತು ನಿಮ್ಮ ಜಿಲ್ಲೆಯ ಯಾವುದೋ ಮೂಲೆಯ ಏಕೋಪಾಧ್ಯಾಯ ಶಾಲೆಯಲ್ಲಿ ಅಷ್ಟೇ ಒಳ್ಳೆಯದು ನಡೆಯುತ್ತಿದ್ದರೆ ಪಕ್ಕದ ಕ್ಲಸ್ಟರಿಗೆ, ಅಂದರೆ ನೆರೆಯ ಶಾಲೆಗಳ ಗುಂಪಿಗೆ, ಗೊತ್ತಾಗುವ ದಾರಿ ಯಾವುದು? ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಗೆದ್ದು ತಾಲ್ಲೂಕಿಗೆ ಹೋಗಿ ಕಂಠಪಾಠದಲ್ಲಿ ಸೋತು ಬಂದ ಹುಡುಗನ ಹೆಸರೂ ವರ್ಷದ ಸುದ್ದಿಯಲ್ಲಿ ಇರಲಿ. ಜಿಲ್ಲೆಗೆ ಹೋದವನದು ಹೇಗೂ ಇರುತ್ತದೆ.

ಇದಕ್ಕೆ ನಿಮ್ಮ ಕಡೆಯಿಂದ ಎರಡು ಆಕ್ಷೇಪ ಬರುತ್ತವೆ ಎಂದು ಬಲ್ಲೆ. ಒಂದು, ಶಿಕ್ಷಕರಿಗೆ ಇನ್ನೊಂದು ಹೊರೆ. ದಯವಿಟ್ಟು ಹೊರೆ ಮಾಡಬೇಡಿ. ಹೊಸ ನಮೂನೆ ಬೇಡ, ಹೊಸ ಆ್ಯಪ್ ಖಂಡಿತ ಬೇಡ, ಸಭೆ ನಡೆದದ್ದಕ್ಕೆ ಜಿಪಿಎಸ್ ಫೋಟೊ ಬೇಡ. ನಾನು ಮೇಲೆ ಕೇಳಿದ್ದರಲ್ಲಿ ಹೆಚ್ಚಿನದನ್ನು ಶಿಕ್ಷಕರು ಆಗಲೇ ನಿಮಗೆ ತುಂಬಿ ಕಳಿಸಿದ್ದಾರೆ. ಅದನ್ನೇ ನಿಮ್ಮ ಕಚೇರಿಯವರು ಶಾಲೆವಾರು ಎರಡು ಪುಟಕ್ಕೆ ಇಳಿಸಿ, ಕನ್ನಡದಲ್ಲಿ ಮುದ್ರಿಸಿ ವಾಪಸ್ ಕೊಡಲಿ. ಕೆಲಸ ಈ ಸಲ ಮೇಲಿನವರದು, ಕೆಳಗಿನವರದಲ್ಲ.

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಸಂಖ್ಯೆ ಇಷ್ಟೇ ಎಂದು ಬಹಿರಂಗವಾದರೆ ಶಾಲೆಯನ್ನು ವಿಲೀನ ಮಾಡಿಬಿಡುತ್ತಾರೆ ಎಂಬ ಭಯ. ಸಣ್ಣ ಶಾಲೆಯ ಶಿಕ್ಷಕರಿಗೂ ಈ ಭಯ ಇದೆ, ಊರಿಗೂ ಇದೆ, ನನಗೂ ಇದೆ. ಆದರೆ ವಿಲೀನ ಮಾಡುವವರಿಗೆ ಆ ಸಂಖ್ಯೆ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ನಮಗೆ. ಮೂರು ವರ್ಷದಲ್ಲಿ ದಾಖಲಾತಿ ಹೇಗೆ ಇಳಿಯಿತು, ಯಾವ ವರ್ಷ ಶಿಕ್ಷಕರಿಲ್ಲದೆ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತಿದರು ಎಂಬುದನ್ನು ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಮುಂದೆ ಓದಿದ್ದರೆ ನಾವೂ ಏನಾದರೂ ಮಾಡುತ್ತಿದ್ದೆವು. ದಾಖಲಾತಿ ಆಂದೋಲನದ ಜಾಥಾದಲ್ಲಿ ಘೋಷಣೆ ಕೂಗಿಸುವ ಬದಲು ಇದನ್ನು ಮೊದಲು ಹೇಳಿ. ಹೆಸರು ವಿಲೀನದ ಪಟ್ಟಿಯಲ್ಲಿ ಬಂದ ಮೇಲೆ ಊರು ರಸ್ತೆಗಿಳಿದರೆ ಅದಕ್ಕೆ ನೀವು 'ಭಾವನಾತ್ಮಕ ವಿರೋಧ' ಎಂದು ಹೆಸರಿಡುತ್ತೀರಿ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಈ ವರ್ಷದ ಏಪ್ರಿಲ್ ಕಳೆದುಹೋಯಿತು. ಶಾಲಾ ಪ್ರಾರಂಭೋತ್ಸವದ ದಿನ ತೋರಣ ಕಟ್ಟಿ ಸಿಹಿ ಹಂಚುವುದಕ್ಕೆ ಮುಂಚೆ, ಮುಗಿದ ವರ್ಷದ ಎರಡು ಪುಟ ಓದಿಸಿ. ಓದುವವರು ಮುಖ್ಯ ಶಿಕ್ಷಕರಾಗುವುದು ಬೇಡ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದು ಓದಲಿ. ಪ್ರಶ್ನೆಗೆ ಇಲಾಖೆಯ ಪರವಾಗಿ ಅವರೇ ಉತ್ತರಿಸಲಿ, ಗೊತ್ತಿಲ್ಲದ್ದನ್ನು ಬರೆದುಕೊಂಡು ಹೋಗಲಿ. ಒಂದು ಪ್ರತಿ ಪಂಚಾಯಿತಿಯ ಫಲಕಕ್ಕೆ, ಒಂದು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಒಂದು ಬಿಸಿಯೂಟದ ಕೋಣೆಯ ಗೋಡೆಗೆ. ಮುಂದಿನ ವರ್ಷದಿಂದ 'ಸಮುದಾಯದತ್ತ ಶಾಲೆ' ದಿನವೇ ಇದು ನಡೆಯಲಿ, ಕೂಲಿಗೆ ಹೋಗುವವರು ಬರುವಂತೆ ಸಂಜೆ ಹೊತ್ತಿಗೆ. ಇಡೀ ಜಿಲ್ಲೆಯದೊಂದು ಸಂಗ್ರಹವನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮುಂಚೆಯೇ ನೀವು ಪ್ರಕಟಿಸಿ. ಮುಂಚೆಯೇ ಎಂದು ಒತ್ತಿ ಹೇಳುತ್ತೇನೆ. ಆಮೇಲೆ ಪ್ರಕಟಿಸಿದರೆ ರ‍್ಯಾಂಕಿಗೆ ಕೊಟ್ಟ ಸಮಜಾಯಿಷಿಯಾಗಿ ಕಾಣುತ್ತದೆ.

ಜಿಲ್ಲೆಗೆಲ್ಲ ಒಮ್ಮೆಗೇ ಆಗದು ಎಂದಾದರೆ ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿ. ನಮ್ಮ ಸಮಿತಿ ಜೂನ್ ಸಭೆಯಲ್ಲಿ ಈ ಪತ್ರವನ್ನು ನಡಾವಳಿಗೆ ಸೇರಿಸುತ್ತದೆ. ಉತ್ತರ ಬರೆಯುವುದಾದರೆ ಮುಖ್ಯ ಶಿಕ್ಷಕರ ಹೆಸರಿಗೆ ಬೇಡ, ಜಿಲ್ಲೆಯ ಎಲ್ಲ ಎಸ್‌ಡಿಎಂಸಿ ಅಧ್ಯಕ್ಷರ ಹೆಸರಿಗೆ ಬರೆಯಿರಿ. ಆಗುವುದಿಲ್ಲ ಎಂಬ ಉತ್ತರವಾದರೂ ಆಗಬಹುದು, ಕಾರಣ ಜೊತೆಗಿರಲಿ. ಅದನ್ನೂ ಸಭೆಯಲ್ಲಿ ಓದಿ ದಾಖಲಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯೆ

ಪ್ರತಿಗಳು:
ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ, ಮಾಹಿತಿಗಾಗಿ.
ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ, ಸೂಚನಾ ಫಲಕದಲ್ಲಿ ಹಾಕುವ ಸಲುವಾಗಿ.